ಸೋತವನೊಡನೆ ಸಂಧಿ



ಸಂಧಿ ಎಂಬ ಶಬ್ದವನ್ನು ನಾವೆಲ್ಲ ಮೊದಲು ಕೇಳಿದ್ದು ವ್ಯಾಕರಣದ ಪಾಠದಲ್ಲಿ. ಎರಡು ಅಕ್ಷರಗಳು ಒಂದರ ಮಗ್ಗುಲಿಗೆ ಒಂದು ಬಂದಾಗ ಅವುಗಳ ನಡುವೆ ಏನೋ ಒಂದು ಏರ್ಪಾಡಾಗಬೇಕಾಗುತ್ತದೆ. ಒಮ್ಮೆ ಹೊಸ ಅಕ್ಷರವೊಂದು ಬಂದು ಸೇರಿಕೊಳ್ಳುತ್ತದೆ, ಅದು ಆಗಮ. ಒಮ್ಮೆ ಒಂದರ ಜಾಗದಲ್ಲಿ ಇನ್ನೊಂದು ಬಂದು ನಿಲ್ಲುತ್ತದೆ, ಅದು ಆದೇಶ. ಮತ್ತೊಮ್ಮೆ ಇದ್ದ ಅಕ್ಷರವೇ ಇಲ್ಲವಾಗುತ್ತದೆ, ಅದು ಲೋಪ. ರಾಜನೀತಿಯನ್ನು ಬರೆದ ನಮ್ಮ ಹಿರಿಯರು ಎರಡು ರಾಜ್ಯಗಳ ನಡುವಣ ಒಪ್ಪಂದಕ್ಕೂ ಇದೇ ಹೆಸರನ್ನು ಇಟ್ಟರು. ಅವರು ಎಣಿಸಿದ ಆರು ಗುಣಗಳಲ್ಲಿ ಸಂಧಿ ಮೊದಲನೆಯದು. ವಿಗ್ರಹ, ಅಂದರೆ ಯುದ್ಧ, ಎರಡನೆಯದು. ಒಂದು ವ್ಯತ್ಯಾಸ ಮಾತ್ರ ಉಂಟು. ವ್ಯಾಕರಣದಲ್ಲಿ ಲೋಪವಾದ ಸ್ವರ ಮರಳಿ ಬಂದು ಹಗೆ ಸಾಧಿಸುವುದಿಲ್ಲ. ರಾಜ್ಯಗಳ ಸಂಧಿಯಲ್ಲಿ ಲೋಪವಾದದ್ದು ಇಪ್ಪತ್ತು ವರ್ಷವಾದ ಮೇಲಾದರೂ ಬಂದು ಕದ ತಟ್ಟುತ್ತದೆ.

ಇಂದು ಅಂಥ ಒಂದು ಸಂಧಿಯ ವಿಚಾರವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಅದು ಯೂರೋಪಿನಲ್ಲಿ 1919ರಲ್ಲಿ ಆದದ್ದು. ಇದೆಲ್ಲ ಮಠದಲ್ಲೇಕೆ ಎಂದು ಕೆಲವರಿಗೆ ಅನ್ನಿಸೀತು. ಬದುವಿನ ಜಗಳ, ಪಾಲುಪಾರಿಕತ್ತಿನ ವ್ಯಾಜ್ಯ ಎಂದು ನೀವು ಮಠಕ್ಕೆ ಬರುತ್ತೀರಲ್ಲವೆ? ಬಂದವರಲ್ಲಿ ಒಬ್ಬರದು ಸರಿ, ಒಬ್ಬರದು ತಪ್ಪು ಎಂದು ಗೊತ್ತಾಗುವುದು ಅಷ್ಟೇನೂ ಕಷ್ಟವಲ್ಲ. ತಪ್ಪಿದ್ದವನಿಗೆ ತಪ್ಪುಕಾಣಿಕೆ ಎಷ್ಟು ಹಾಕಬೇಕು, ಅದನ್ನು ಅವನಿಗೆ ಯಾವ ಮಾತಿನಲ್ಲಿ ಹೇಳಬೇಕು, ಅವನ ಮಕ್ಕಳ ಎದುರಿಗೆ ಹೇಳಬೇಕೋ ಬೇಡವೋ ಎಂಬಲ್ಲಿಯೇ ಪಂಚರ ಬುದ್ಧಿ ಪರೀಕ್ಷೆಯಾಗುವುದು. ದೇಶದೇಶಗಳ ಪಂಚಾಯಿತಿಯೂ ಇದಕ್ಕಿಂತ ಬೇರೆಯಲ್ಲ.

ಯೂರೋಪಿಗೆ ಹೋಗುವುದಕ್ಕೆ ಮೊದಲು ದ್ರೋಣ ದ್ರುಪದರನ್ನು ಒಮ್ಮೆ ನೆನೆಯೋಣ. ಇಬ್ಬರೂ ಒಂದೇ ಗುರುಕುಲದಲ್ಲಿ ಬೆಳೆದವರು. ಬಡತನ ತಾಳಲಾರದೆ ದ್ರೋಣನು ಹಳೆಯ ಗೆಳೆತನವನ್ನು ನಂಬಿ ಪಾಂಚಾಲಕ್ಕೆ ಹೋದ. ಅರಸನಿಗೂ ತಿರುಕನಿಗೂ ಎಲ್ಲಿಯ ಸ್ನೇಹವೆಂದು ದ್ರುಪದನು ಸಭೆಯಲ್ಲಿಯೇ ಹಂಗಿಸಿ ಕಳುಹಿಸಿದ. ದ್ರೋಣ ಮರೆಯಲಿಲ್ಲ. ಕುರುಕುಮಾರರಿಗೆ ವಿದ್ಯೆ ಕಲಿಸಿ, ಗುರುದಕ್ಷಿಣೆಯಾಗಿ ದ್ರುಪದನನ್ನು ಕಟ್ಟಿ ತರಿಸಿದ. ಕೊಲ್ಲಲಿಲ್ಲ, ನಿಜ. ಗಂಗೆಯ ಉತ್ತರದ ಅರ್ಧ ರಾಜ್ಯವನ್ನು ತಾನಿಟ್ಟುಕೊಂಡು, ತೆಂಕಣ ಅರ್ಧವನ್ನು ಅವನಿಗೇ ಮರಳಿ ಕೊಟ್ಟು, ಈಗ ನಾವಿಬ್ಬರೂ ಸಮಾನರಾದೆವು, ಇನ್ನು ಗೆಳೆಯರಾಗಿರೋಣ ಎಂದ. ದ್ರುಪದ ತಲೆಯಾಡಿಸಿದ. ತಲೆಯಾಡಿಸದೆ ಏನು ಮಾಡಿಯಾನು, ಕೈಕಟ್ಟಿ ನಿಲ್ಲಿಸಿದ್ದಾರೆ! ಮನೆಗೆ ಹೋದವನು ಮಾಡಿದ್ದೇನು? ದ್ರೋಣನನ್ನು ಕೊಲ್ಲುವ ಮಗನು ಬೇಕೆಂದು ಯಜ್ಞ. ಆ ಕುಂಡದಿಂದ ಧೃಷ್ಟದ್ಯುಮ್ನ ಎದ್ದುಬಂದ. ಕುರುಕ್ಷೇತ್ರದಲ್ಲಿ ದ್ರೋಣನ ತಲೆಯನ್ನು ಕಡಿದ. ಅಲ್ಲಿಗೆ ಮುಗಿಯಿತೆ? ದ್ರೋಣನ ಮಗ ಅಶ್ವತ್ಥಾಮ ನಡುರಾತ್ರಿ ಪಾಳೆಯಕ್ಕೆ ನುಗ್ಗಿ ಧೃಷ್ಟದ್ಯುಮ್ನನನ್ನೂ ಏನೂ ಅರಿಯದ ಮಕ್ಕಳನ್ನೂ ಕೊಂದ. ಯಾವ ಕಡೆಯಿಂದ ಎಣಿಸಿದರೂ ಮೊದಲ ಅಪಮಾನ ಯಾರದೆಂದು ತೀರ್ಮಾನಿಸುವುದರೊಳಗೆ ಎರಡು ತಲೆಮಾರುಗಳು ಹೋಗಿದ್ದವು.

ಈಗ ಫ್ರಾನ್ಸು ಮತ್ತು ಜರ್ಮನಿಗೆ ಬನ್ನಿ. 1870ರಲ್ಲಿ ಇವರಿಬ್ಬರಿಗೂ ಯುದ್ಧವಾಗಿ ಫ್ರಾನ್ಸು ಸೋತಿತು. ಗೆದ್ದ ಪ್ರಷ್ಯದವರು ತಮ್ಮ ಅರಸನಿಗೆ ಜರ್ಮನ್ ಚಕ್ರವರ್ತಿಯೆಂಬ ಬಿರುದನ್ನು ಕಟ್ಟಿದರು. ಎಲ್ಲಿ ಕಟ್ಟಿದರು? ತಮ್ಮ ಬರ್ಲಿನ್ನಿನಲ್ಲಿ ಅಲ್ಲ. ಪ್ಯಾರಿಸ್ಸಿನ ಹತ್ತಿರ, ಫ್ರೆಂಚ್ ದೊರೆಗಳ ವರ್ಸೇಲ್ಸ್ ಅರಮನೆಯಲ್ಲಿ, ಕನ್ನಡಿಗಳ ಮಹಲಿನಲ್ಲಿ. ಅಂದು 1871ರ ಜನವರಿ 18. ಬಳಿಕ ಆದ ಸಂಧಿಯಲ್ಲಿ ಫ್ರಾನ್ಸಿನಿಂದ ಆಲ್ಸೇಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ತೆಗೆದುಕೊಂಡರು. 500 ಕೋಟಿ ಫ್ರಾಂಕು ದಂಡ ಹಾಕಿದರು. ಹಣವನ್ನು ಫ್ರಾನ್ಸು ಎರಡೂವರೆ ವರ್ಷದೊಳಗೆ ತೀರಿಸಿಬಿಟ್ಟಿತು. ಆಲ್ಸೇಸಿನ ನೋವು ತೀರಲಿಲ್ಲ. ಆ ಸಂಧಿಗೆ ಒಪ್ಪಬಾರದೆಂದು ಫ್ರೆಂಚ್ ಸಭೆಯಲ್ಲಿ ಮತ ಹಾಕಿದವರಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಪ್ರತಿನಿಧಿ ಇದ್ದ, ಕ್ಲೆಮೆನ್ಸೊ ಎಂದು ಹೆಸರು. ಈ ಹೆಸರನ್ನು ನೆನಪಿನಲ್ಲಿಡಿ.

1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ನಾಲ್ಕು ವರ್ಷಗಳಲ್ಲಿ ಸತ್ತ ಯೋಧರೇ ಹತ್ತಿರ ಹತ್ತಿರ ಒಂದು ಕೋಟಿ. ಫ್ರಾನ್ಸ್ ಒಂದರಲ್ಲಿಯೇ 13 ಲಕ್ಷಕ್ಕೂ ಮಿಕ್ಕಿ ಗಂಡುಮಕ್ಕಳು ಹೋದರು. ಅದರ ಉತ್ತರದ ಹೊಲಗದ್ದೆಗಳು ಗುಂಡಿಗಳಾದವು. ಹಿಂದೆ ಸರಿಯುವ ಜರ್ಮನರು ಕಲ್ಲಿದ್ದಲ ಗಣಿಗಳಿಗೆ ನೀರು ತುಂಬಿಸಿ ಹೋದರು. ಬೆಲ್ಜಿಯಮ್ಮಿನದು ಇನ್ನೂ ಕರುಣೆ. ಯಾರ ತಂಟೆಗೂ ಹೋಗದ ಆ ಚಿಕ್ಕ ದೇಶವನ್ನು ತುಳಿದುಕೊಂಡೇ ಜರ್ಮನ್ ಸೈನ್ಯ ಫ್ರಾನ್ಸಿಗೆ ಹೋದದ್ದು. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಸೋತವನ ಕಷ್ಟವನ್ನು ಹೇಳುವವರು ಅವನ ತಪ್ಪನ್ನು ನುಂಗಿಬಿಡುವುದುಂಟು. ಸೋಲುವುದಕ್ಕೆ ಎಂಟು ತಿಂಗಳು ಮೊದಲು, 1918ರ ಮಾರ್ಚಿಯಲ್ಲಿ, ಜರ್ಮನಿ ತಾನೇ ರಷ್ಯದ ಮೇಲೆ ಬ್ರೆಸ್ಟ್-ಲಿಟೋವ್‌ಸ್ಕ್ ಎಂಬಲ್ಲಿ ಒಂದು ಸಂಧಿ ಹೇರಿತ್ತು. ಪೋಲೆಂಡು, ಬಾಲ್ಟಿಕ್ ಸೀಮೆ, ಯುಕ್ರೇನು ಎಲ್ಲವೂ ರಷ್ಯದ ಕೈಬಿಟ್ಟುಹೋದವು. ದಯೆಯ ಪಾಠವನ್ನು ಹೇಳುವ ಬಾಯಿ ಜರ್ಮನಿಗೂ ಇರಲಿಲ್ಲ.

1918ರ ನವೆಂಬರ್ 11ರಂದು, ಫ್ರಾನ್ಸಿನ ಕೊಂಪಿಯೇನ್ ಎಂಬ ಕಾಡಿನಲ್ಲಿ, ಒಂದು ರೈಲು ಡಬ್ಬಿಯೊಳಗೆ ಕದನವಿರಾಮಕ್ಕೆ ಸಹಿಯಾಯಿತು. ಅಮೆರಿಕೆಯ ಅಧ್ಯಕ್ಷ ವಿಲ್ಸನ್ನರು ಆ ವರ್ಷದ ಆರಂಭದಲ್ಲಿಯೇ ಹದಿನಾಲ್ಕು ಅಂಶಗಳನ್ನು ಸಾರಿದ್ದರು. ಯಾವ ಜನವನ್ನು ಯಾರು ಆಳಬೇಕೆಂಬುದರಲ್ಲಿ ಆ ಜನದ ಇಷ್ಟವನ್ನು ನೋಡಬೇಕೆಂಬುದು ಅವುಗಳ ಸಾರ. ಆ ಮಾತನ್ನು ನಂಬಿಯೇ ಜರ್ಮನರು ಆಯುಧ ಕೆಳಗಿಟ್ಟರು. ಚಕ್ರವರ್ತಿ ಓಡಿಹೋಗಿದ್ದ, ಪ್ರಜಾಪ್ರಭುತ್ವದವರು ಹೊಸದಾಗಿ ಅಧಿಕಾರಕ್ಕೆ ಬಂದಿದ್ದರು. ಯುದ್ಧ ಹೂಡಿದವನು ಒಬ್ಬ, ತಲೆ ಬಾಗಿಸಬೇಕಾದವನು ಇನ್ನೊಬ್ಬ. ಇದು ಮುಂದಕ್ಕೆ ಬಹಳ ಕೆಡುಕಿಗೆ ಕಾರಣವಾಯಿತು.

ಪ್ಯಾರಿಸ್ಸಿನ ಶಾಂತಿ ಸಮ್ಮೇಳನ ಆರಂಭವಾದದ್ದು 1919ರ ಜನವರಿ 18ರಂದು. ಯಾವ ದಿನ, ನೋಡಿದಿರಾ? ಅಧ್ಯಕ್ಷ ಪೀಠದಲ್ಲಿ ಕುಳಿತವರು ಯಾರು? ಅದೇ ಕ್ಲೆಮೆನ್ಸೊ. ಈಗ ಎಪ್ಪತ್ತೇಳು ವರ್ಷದ ಮುದುಕ, ಫ್ರಾನ್ಸಿನ ಪ್ರಧಾನಿ. ಸಮ್ಮೇಳನಕ್ಕೆ ಜರ್ಮನರನ್ನು ಕರೆಯಲಿಲ್ಲ. ಗೆದ್ದವರು ತಮ್ಮತಮ್ಮೊಳಗೆ ತಿಂಗಳುಗಟ್ಟಲೆ ಚರ್ಚಿಸಿ ಮೇ 7ರಂದು ಜರ್ಮನ್ ನಿಯೋಗವನ್ನು ಕರೆಸಿ ಒಂದು ದಪ್ಪ ಪುಸ್ತಕವನ್ನು ಕೈಗೆ ಕೊಟ್ಟರು. ಎದುರು ಕೂತು ಮಾತಾಡುವಂತಿಲ್ಲ. ಹೇಳುವುದೇನಾದರೂ ಇದ್ದರೆ ಹದಿನೈದು ದಿನದೊಳಗೆ ಬರೆದುಕೊಡಿ ಎಂದರು. ಜರ್ಮನಿಯ ವಿದೇಶಾಂಗ ಸಚಿವ ಕುಳಿತ ಜಾಗದಿಂದ ಏಳದೆಯೇ ಉತ್ತರ ಕೊಟ್ಟ. ಎಷ್ಟು ಗರ್ವ ಇವನದು ಎಂದು ಗೆದ್ದವರು ಸಿಟ್ಟಾದರು. ಅತ್ತ ಜರ್ಮನಿಯ ಬಂದರುಗಳ ದಿಗ್ಬಂಧನ ಯುದ್ಧ ನಿಂತ ಮೇಲೂ ಮುಂದುವರಿದಿತ್ತು. ಮಾರ್ಚಿಯಿಂದೀಚೆಗೆ ಧಾನ್ಯಕ್ಕೆ ದಾರಿ ಬಿಟ್ಟರಾದರೂ ಅದು ಪೂರ್ತಿಯಾಗಿ ತೆರವಾದದ್ದು ಜುಲೈನಲ್ಲಿ, ಸಂಧಿಗೆ ಜರ್ಮನ್ ಸಭೆಯ ಒಪ್ಪಿಗೆ ಬಿದ್ದ ಮೇಲೆ. ಹಸಿದವನ ಮುಂದೆ ಕಾಗದ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಾಹುಕಾರರನ್ನು ನಮ್ಮ ಹಳ್ಳಿಗಳು ಕಂಡಿಲ್ಲವೆ? ಅದೇ ರೀತಿ.

ಜರ್ಮನಿಯ ಚಾನ್ಸಲರ್ ಷೈಡೆಮನ್ ಸಹಿ ಹಾಕಿಸಲಾರೆನೆಂದು ರಾಜೀನಾಮೆ ಕೊಟ್ಟು ಹೋದ. ಒಪ್ಪದಿದ್ದರೆ ಸೈನ್ಯ ನುಗ್ಗುತ್ತದೆಂದು ಗಡುವು ಬಂತು. ಕೊನೆಗೆ ಇಬ್ಬರು ಮಂತ್ರಿಗಳು ಬಂದರು, ಹರ್ಮನ್ ಮ್ಯುಲ್ಲರ್ ಮತ್ತು ಯೋಹಾನ್ನೆಸ್ ಬೆಲ್. 1919ರ ಜೂನ್ 28, ಯುದ್ಧಕ್ಕೆ ಕಿಡಿ ಹೊತ್ತಿಸಿದ ಸರಾಯೆವೊ ಕೊಲೆಗೆ ಸರಿಯಾಗಿ ಐದು ವರ್ಷ. ಸ್ಥಳ ಅದೇ ಕನ್ನಡಿಗಳ ಮಹಲು. ಯುದ್ಧದಲ್ಲಿ ಮುಖ ಛಿದ್ರವಾದ ಐವರು ಫ್ರೆಂಚ್ ಸೈನಿಕರನ್ನು ಆ ಮಹಲಿಗೆ ಕರೆಸಿದ್ದರು. ಒಳಗೆ ಬಂದ ಆ ಇಬ್ಬರು ಜರ್ಮನರು ಅವರನ್ನು ನೋಡುತ್ತ ಸಹಿ ಹಾಕಬೇಕು. ಆ ಐವರ ನೋವು ಸುಳ್ಳಲ್ಲ. ಆದರೆ ಆ ನೋವನ್ನು ತಂದು ಒಪ್ಪಂದದ ಮೇಜಿನ ಪಕ್ಕದಲ್ಲಿ ಕೂರಿಸಿದಾಗ ಅದು ಸಂಧಿಯಾಗಿ ಉಳಿಯುವುದಿಲ್ಲ, ಸೇಡಿನ ಹಬ್ಬವಾಗುತ್ತದೆ ಎಂದು ನಮಗೆ ತೋರುತ್ತದೆ. ಅದೇ ಕಾಗದಕ್ಕೆ ಭಾರತದ ಹೆಸರಿನಲ್ಲಿಯೂ ಸಹಿ ಬಿತ್ತು. ಬಿಕಾನೇರಿನ ಮಹಾರಾಜ ಗಂಗಾಸಿಂಗರೂ ಇಂಗ್ಲೆಂಡಿನ ಭಾರತ ಮಂತ್ರಿ ಮಾಂಟೆಗುವೂ ಹಾಕಿದರು. ಜಲಿಯನ್‌ವಾಲಾ ಬಾಗಿನ ರಕ್ತ ಆರಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಯಾವ ಜನಕ್ಕೂ ಅವರ ಇಷ್ಟದಂತೆ ಆಳ್ವಿಕೆ ಎಂಬ ಮಾತು ಯಾರುಯಾರಿಗೆ ಅನ್ವಯ ಎಂಬುದನ್ನು ಇದರಿಂದಲೇ ಅರಿತುಕೊಳ್ಳಿ.

ಸಂಧಿಯ ಕಲಮುಗಳು ನಾನೂರಕ್ಕೂ ಹೆಚ್ಚು. ಎಲ್ಲವನ್ನೂ ಹೇಳುವುದಿಲ್ಲ. ಯೂರೋಪಿನಲ್ಲಿದ್ದ ಜರ್ಮನಿಯ ನೆಲದಲ್ಲಿ ನೂರಕ್ಕೆ ಹದಿಮೂರು ಪಾಲು ಹೋಯಿತು. ಹೊರಗಿನ ವಸಾಹತುಗಳೆಲ್ಲ ಹೋದವು. ಪೋಲೆಂಡಿಗೆ ಸಮುದ್ರದ ದಾರಿ ಕೊಡಲು ಪೂರ್ವ ಪ್ರಷ್ಯವನ್ನು ಉಳಿದ ದೇಶದಿಂದ ಕತ್ತರಿಸಿ ಬೇರೆ ಮಾಡಲಾಯಿತು. ಸೈನ್ಯ ಒಂದು ಲಕ್ಷಕ್ಕೆ ಮೀರಬಾರದು, ವಿಮಾನಪಡೆ ಇರಬಾರದು, ರೈನ್ ನದಿಯ ಸೀಮೆಯಲ್ಲಿ ಜರ್ಮನ್ ಸೈನಿಕ ಕಾಲಿಡಬಾರದು. ಇವುಗಳಲ್ಲಿ ಕೆಲವು ನ್ಯಾಯವೇ. ಆಲ್ಸೇಸು ಫ್ರಾನ್ಸಿಗೆ ಮರಳಿದ್ದನ್ನು ತಪ್ಪೆನ್ನುವವರಾರು? ಚುಚ್ಚಿದ್ದು 231ನೆಯ ಕಲಮು. ಯುದ್ಧದಿಂದಾದ ಎಲ್ಲ ನಷ್ಟಕ್ಕೂ ಜರ್ಮನಿ ಮತ್ತು ಅದರ ಜೊತೆಗಾರರೇ ಹೊಣೆ, ಅದನ್ನು ಜರ್ಮನಿ ಒಪ್ಪಿಕೊಳ್ಳುತ್ತದೆ ಎಂದು ಅದರಲ್ಲಿತ್ತು. ಬರೆದ ವಕೀಲರ ಎಣಿಕೆ ಪರಿಹಾರ ವಸೂಲಿಗೆ ಕಾನೂನಿನ ಬುನಾದಿ ಹಾಕುವುದು, ಅಷ್ಟೆ. ಪಾಪವೆಂಬ ಶಬ್ದ ಅದರಲ್ಲಿಲ್ಲ. ಆದರೆ ಓದಿದ ಜನ ವಕೀಲರಲ್ಲವಲ್ಲ! ನಮ್ಮ ಸತ್ತ ಮಕ್ಕಳನ್ನೂ ಪಾಪಿಗಳೆಂದು ಬರೆಸಿ ನಮ್ಮಿಂದಲೇ ಸಹಿ ಹಾಕಿಸಿದರೆಂದು ಅವರು ಓದಿಕೊಂಡರು. ದಂಡ ಕೊಟ್ಟವನು ಒಂದು ದಿನ ಮರೆತಾನು. ಮಾಡಿದೆನೆಂದು ತನಗನ್ನಿಸದ ತಪ್ಪನ್ನು ಊರ ಮುಂದೆ ಒಪ್ಪಿಕೊಂಡವನು ಮರೆಯಲಾರ.

ಇನ್ನು ಪರಿಹಾರದ ಮೊತ್ತ. ಅದನ್ನು 1919ರಲ್ಲಿ ಬರೆಯಲೇ ಇಲ್ಲ. ಅಂಕಿ ತುಂಬದ ಸಾಲಪತ್ರಕ್ಕೆ ರುಜು ಮಾಡಿಸಿಕೊಂಡರು. 1921ರಲ್ಲಿ ಅಂಕಿ ಬಿತ್ತು: 13,200 ಕೋಟಿ ಚಿನ್ನದ ಮಾರ್ಕು. ಇದರಲ್ಲಿ ಒಂದು ಗುಟ್ಟಿದೆ. 8,200 ಕೋಟಿಯ ಪತ್ರಗಳು ಬರಿಯ ಹೆಸರಿಗೆ. ಅವು ವಸೂಲಾಗಲಾರವೆಂದು ಬರೆದವರಿಗೇ ಗೊತ್ತಿತ್ತು. ಹಾಗಾದರೆ ಏಕೆ ಬರೆದರು? ತಮ್ಮ ಮತದಾರರಿಗೆ ತೋರಿಸಲು. ಕಡೆಯ ಕಾಸನ್ನೂ ಬಿಡದೆ ವಸೂಲು ಮಾಡುತ್ತೇವೆಂದು ಇಂಗ್ಲೆಂಡಿನಲ್ಲಿಯೂ ಫ್ರಾನ್ಸಿನಲ್ಲಿಯೂ ಆಡಿದ್ದ ಮಾತಿಗೆ ತಕ್ಕಂತೆ ಅಂಕಿ ಬೇಕಲ್ಲ. ಲಂಡನ್ನಿನ ಗದ್ದುಗೆ ಉಳಿಸಲು ಬರೆದ ಅಂಕಿಯನ್ನು ಬರ್ಲಿನ್ನಿನ ಬಡವ ನಿಜವೆಂದು ಓದಿದ. ಇಂಗ್ಲಿಷರ ಬೊಕ್ಕಸದ ಪ್ರತಿನಿಧಿಯಾಗಿ ಪ್ಯಾರಿಸ್ಸಿಗೆ ಹೋಗಿದ್ದ ಕೇನ್ಸ್ ಎಂಬ ಅರ್ಥಶಾಸ್ತ್ರಜ್ಞರು ಇದು ನಡೆಯದ ಲೆಕ್ಕವೆಂದು ಕೆಲಸ ಬಿಟ್ಟುಬಂದು ಅದೇ ವರ್ಷ ಪುಸ್ತಕ ಬರೆದರು. ಅತ್ತ ಫ್ರೆಂಚ್ ದಂಡನಾಯಕ ಫಾಶ್ ಅವರದು ಇದಕ್ಕೆ ತದ್ವಿರುದ್ಧ. ಕಟ್ಟು ಸಾಲದು, ಇನ್ನೂ ಬಿಗಿಯಬೇಕಿತ್ತೆಂದು. ಇದು ಶಾಂತಿಯಲ್ಲ, ಇಪ್ಪತ್ತು ವರ್ಷದ ಕದನವಿರಾಮ ಎಂದು ಅವರು ಅಂದರೆಂಬ ಪ್ರತೀತಿ ಇದೆ. ಬಿಗಿದರೆ ಪೂರ್ತಿ ಬಿಗಿಯಬೇಕು, ಬಿಟ್ಟರೆ ಮನಸ್ಸಿಟ್ಟು ಬಿಡಬೇಕು. ವರ್ಸೇಲ್ಸಿನವರು ಎರಡನ್ನೂ ಮಾಡಲಿಲ್ಲ. ಹುಲಿಯನ್ನು ಕೆಣಕುವಷ್ಟು ಬಡಿದು, ಕಾಡಿಗೆ ಬಿಟ್ಟರು.

ಕಂತು ತಪ್ಪಿತೆಂದು 1923ರ ಜನವರಿಯಲ್ಲಿ ಫ್ರಾನ್ಸು ಬೆಲ್ಜಿಯಮ್ಮುಗಳ ಸೈನ್ಯ ರೂರ್ ಎಂಬ ಕಲ್ಲಿದ್ದಲ ಸೀಮೆಯನ್ನು ಹಿಡಿದವು. ಅಲ್ಲಿಯ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಿಗೆ ಕೂಲಿ ಕೊಡಲು ಜರ್ಮನ್ ಸರಕಾರ ನೋಟು ಅಚ್ಚುಹಾಕಿತು. ಯುದ್ಧಕಾಲದಿಂದಲೂ ಸಾಲ ಮಾಡಿ, ನೋಟು ಹೊಡೆದು ಸಂಸಾರ ನಡೆಸಿದ ಸರಕಾರವೇ ಅದು. ಎಲ್ಲ ತಪ್ಪೂ ಹೊರಗಿನವರದಲ್ಲ. 1914ರಲ್ಲಿ ಒಂದು ಡಾಲರಿಗೆ ನಾಲ್ಕು ಚಿಲ್ಲರೆ ಮಾರ್ಕು ಇದ್ದದ್ದು 1923ರ ನವೆಂಬರಿನಲ್ಲಿ 4.2 ಲಕ್ಷ ಕೋಟಿ ಮಾರ್ಕಿಗೆ ಏರಿತು. ಜೀವಮಾನವೆಲ್ಲ ಕೂಡಿಟ್ಟ ಗಂಟು ಒಂದು ರೊಟ್ಟಿಗೆ ಸಾಲದಾಯಿತು. ಆ ತಿಂಗಳೇ ಮ್ಯೂನಿಕ್ಕಿನಲ್ಲಿ ಹಿಟ್ಲರನೆಂಬವನು ದಂಗೆಯೆದ್ದು ಸೆರೆಸಿಕ್ಕಿದ.

ಇಲ್ಲಿಯವರೆಗಿನ ಕಥೆ ಬಹುಮಂದಿಗೆ ಗೊತ್ತು. ಸಂಧಿ ಕಠಿಣವಾಯಿತು, ಅದರಿಂದ ಹಿಟ್ಲರ್ ಹುಟ್ಟಿದ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನಡುವೆ ಆರೇಳು ವರ್ಷ ಒಳ್ಳೆಯ ಕಾಲವೂ ಬಂದಿತ್ತು. ಸ್ಟ್ರೆಸೆಮನ್ ಎಂಬ ಮಂತ್ರಿ ಫ್ರಾನ್ಸಿನ ಬ್ರಿಯಾಂ ಅವರೊಡನೆ ಕೈಕುಲುಕಿದರು. 1925ರಲ್ಲಿ ಲೊಕಾರ್ನೊ ಒಪ್ಪಂದವಾಯಿತು. 1926ರಲ್ಲಿ ಜರ್ಮನಿಯನ್ನು ರಾಷ್ಟ್ರಸಂಘಕ್ಕೆ ಸೇರಿಸಿಕೊಂಡರು. ಇಬ್ಬರಿಗೂ ಸೇರಿ ನೊಬೆಲ್ ಶಾಂತಿ ಬಹುಮಾನ ಬಂತು. 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಬಿದ್ದ ಮತ ನೂರಕ್ಕೆ ಮೂರೂ ಇಲ್ಲ, ಸ್ಥಾನ ಹನ್ನೆರಡು. ಕೆಂಡ ಬೂದಿಯಡಿಯಲ್ಲಿತ್ತು, ಆರಿಸುವುದಕ್ಕೆ ಸಮಯವೂ ಇತ್ತು. ನಿಜವಾದ ತಪ್ಪು ನಡೆದದ್ದು ಇಲ್ಲಿ. ಸೌಮ್ಯರಾದವರು ಕೇಳಿದಾಗ ಕೊಡಬೇಕಾದದ್ದನ್ನು ಹಿಡಿಹಿಡಿಯಾಗಿ, ಗೊಣಗುತ್ತ, ತಡವಾಗಿ ಕೊಟ್ಟರು. ರೈನ್ ಸೀಮೆಯಿಂದ ಪರದೇಶದ ಸೈನ್ಯ ಪೂರ್ತಿ ಹೊರಟದ್ದು 1930ರ ಜೂನಿನಲ್ಲಿ. ಅದಕ್ಕಾಗಿ ಬೇಡಿಬೇಡಿ ದಣಿದ ಸ್ಟ್ರೆಸೆಮನ್ 1929ರ ಅಕ್ಟೋಬರಿನಲ್ಲಿಯೇ ತೀರಿಕೊಂಡಿದ್ದರು. ಅದೇ ತಿಂಗಳು ನ್ಯೂಯಾರ್ಕಿನ ಷೇರುಪೇಟೆ ಕುಸಿದು ಲೋಕಕ್ಕೆಲ್ಲ ಬರ ಬಂತು. 1930ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸ್ಥಾನ 107. 1931ರಲ್ಲಿ ಬ್ರೂನಿಂಗರ ಸರಕಾರ ಆಸ್ಟ್ರಿಯದೊಡನೆ ಸುಂಕದ ಒಕ್ಕೂಟ ಮಾಡಿಕೊಳ್ಳುತ್ತೇವೆಂದಿತು, ಬರಿಯ ಸುಂಕ. ಕೂಡದೆಂದು ಫ್ರಾನ್ಸು ತಡೆಯಿತು. 1932ರ ಮೇ ಕೊನೆಗೆ ಬ್ರೂನಿಂಗ್ ಬಿದ್ದರು. ಆರು ವಾರ ಕಳೆದು, ಜುಲೈಯಲ್ಲಿ, ಲೊಸಾನ್ ನಗರದಲ್ಲಿ ಸೇರಿ ಪರಿಹಾರದ ಹಣವನ್ನು ಹೆಚ್ಚುಕಡಮೆ ಬಿಟ್ಟೇಬಿಟ್ಟರು! ಅಷ್ಟರಲ್ಲಿ ಅರುವತ್ತು ಲಕ್ಷ ಜನ ಕೆಲಸವಿಲ್ಲದೆ ಬೀದಿಯಲ್ಲಿದ್ದರು. ಆ ತಿಂಗಳ ಚುನಾವಣೆಯಲ್ಲಿ ಹಿಟ್ಲರನ ಪಕ್ಷ 230 ಸ್ಥಾನ ಗೆದ್ದು ಎಲ್ಲಕ್ಕಿಂತ ದೊಡ್ಡದಾಯಿತು. 1933ರ ಜನವರಿ 30ರಂದು ಅವನೇ ಚಾನ್ಸಲರ್.

ಆಮೇಲೆ ಏನಾಯಿತು ನೋಡಿ. ಸೈನ್ಯ ಹೆಚ್ಚಿಸಬಾರದೆಂಬ ಕಟ್ಟನ್ನು 1935ರಲ್ಲಿ ಹರಿದ, ಸುಮ್ಮನಿದ್ದರು. 1936ರಲ್ಲಿ ರೈನ್ ಸೀಮೆಗೆ ಸೈನ್ಯ ನುಗ್ಗಿಸಿದ, ಸುಮ್ಮನಿದ್ದರು. ಸುಂಕದ ಒಕ್ಕೂಟವೂ ಕೂಡದೆಂದಿದ್ದ ಆಸ್ಟ್ರಿಯವನ್ನು 1938ರಲ್ಲಿ ಇಡಿಯಾಗಿ ನುಂಗಿದ, ಆಗಲೂ ಸುಮ್ಮನಿದ್ದರು. ಕೈಮುಗಿದು ಕೇಳಿದವನಿಗೆ ಇಲ್ಲವೆಂದು, ಕತ್ತಿ ಹಿಡಿದು ಬಂದವನಿಗೆ ತೆಗೆದುಕೋ ಎಂದರೆ ನೋಡುತ್ತಿದ್ದ ಜನ ಕಲಿಯುವ ಪಾಠವೇನು? ನಯವಂತರಿಂದ ಆಗದ್ದು ಈ ಗಂಡಸಿನಿಂದ ಆಯಿತೆಂದು ಜರ್ಮನರು ಅವನ ಹಿಂದೆ ನಿಂತರು. 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ದಾಳಿಯಾಯಿತು. ವರ್ಸೇಲ್ಸಿನ ಸಹಿಗೆ ಇಪ್ಪತ್ತು ವರ್ಷ, ಎರಡು ತಿಂಗಳು. ಆ ಯುದ್ಧದಲ್ಲಿ ಅವನು ಮಾಡಿಸಿದ ಯಹೂದ್ಯರ ಸಂಹಾರವನ್ನು, ಕೋಟಿ ಕೋಟಿ ಜನರ ಸಾವನ್ನು ಯಾವ ಸಂಧಿಯ ಕಾಠಿಣ್ಯವೂ ಸಮರ್ಥಿಸಲಾರದು. ಅಶ್ವತ್ಥಾಮನ ರಾತ್ರಿಯ ಕೊಲೆಗೆ ಅಪ್ಪನ ಸಾವು ಕಾರಣವಾದೀತು, ಸಮಾಧಾನವಾಗಲಾರದು.

1940ರ ಜೂನಿನಲ್ಲಿ ಫ್ರಾನ್ಸು ಸೋತು ಕದನವಿರಾಮ ಕೇಳಿತು. ಹಿಟ್ಲರ್ ಮಾಡಿಸಿದ ಮೊದಲ ಏರ್ಪಾಡು ಏನು ಗೊತ್ತೆ? 1918ರ ಆ ರೈಲು ಡಬ್ಬಿ ವಸ್ತುಸಂಗ್ರಹಾಲಯದಲ್ಲಿತ್ತು. ಗೋಡೆ ಒಡೆಸಿ ಅದನ್ನು ಹೊರಗೆಳೆಸಿ, ಅದೇ ಕಾಡಿನ ಅದೇ ಜಾಗದಲ್ಲಿ ನಿಲ್ಲಿಸಿ, ಫ್ರೆಂಚರಿಂದ ಅದರೊಳಗೇ ಸಹಿ ಹಾಕಿಸಿದ. ಕನ್ನಡಿ ಮಹಲು, ರೈಲು ಡಬ್ಬಿ! ಗೆಲ್ಲುವುದಕ್ಕಿಂತ, ಸೋತ ಜಾಗದಲ್ಲಿಯೇ ಗೆಲ್ಲಬೇಕೆಂಬ ಈ ಹಟ ಎಷ್ಟು ತಲೆಗಳನ್ನು ತಿಂದಿತೋ.

ಬೇರೆ ದಾರಿ ಇರಲಿಲ್ಲವೆ ಎಂದು ಕೇಳಬಹುದು. ಇತ್ತು, ಯೂರೋಪಿಗೇ ಅದು ಗೊತ್ತಿತ್ತು. 1815ರಲ್ಲಿ ನೆಪೋಲಿಯನ್ನನನ್ನು ಸೋಲಿಸಿದಾಗ ಫ್ರಾನ್ಸಿನ ಮೇಲೆ 70 ಕೋಟಿ ಫ್ರಾಂಕು ದಂಡ ಹಾಕಿದರು, ಸೈನ್ಯವನ್ನೂ ಇಟ್ಟರು. ಆದರೆ ವಿಯೆನ್ನಾದ ಸಭೆಯಲ್ಲಿ ಫ್ರಾನ್ಸಿನ ಪ್ರತಿನಿಧಿ ತಾಲೇರಾನನಿಗೂ ಕುರ್ಚಿ ಇತ್ತು. ಐದು ವರ್ಷವೆಂದು ಇಟ್ಟ ಸೈನ್ಯವನ್ನು ಮೂರೇ ವರ್ಷಕ್ಕೆ ಕರೆಸಿಕೊಂಡು, 1818ರಲ್ಲಿ ಫ್ರಾನ್ಸನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡರು. ಸೋತವನನ್ನು ಪಂಕ್ತಿಗೆ ಕರೆಯುವುದೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗೆದ್ದ ನಾಡಿನಲ್ಲಿ ಅರಸನು ಹೇಗೆ ನಡೆದುಕೊಳ್ಳಬೇಕೆಂದು ಹೇಳುವುದಕ್ಕೆ ನಮ್ಮ ಕೌಟಿಲ್ಯನೂ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಆ ಜನದ ಉಡುಗೆ, ಭಾಷೆ, ಆಚಾರಗಳನ್ನು ಗೌರವಿಸಿ ತಾನೂ ಹಾಗೆ ನಡೆಯಬೇಕು, ಸೆರೆಯಾದವರನ್ನು ಬಿಡಬೇಕು ಎನ್ನುತ್ತಾನೆ. ದಯಾಳುವೆಂದು ಹೆಸರಾದವನಲ್ಲ ಅವನು. ಲೆಕ್ಕ ಬಲ್ಲವನು.

1945ರ ಸೋಲು ಜರ್ಮನಿಗೆ 1918ಕ್ಕಿಂತ ಎಷ್ಟೋ ಘೋರವಾದದ್ದು. ದೇಶವನ್ನೇ ಹಂಚಿಕೊಂಡರು. ಆದರೆ ಈ ಸಲ ನ್ಯೂರೆಂಬರ್ಗಿನಲ್ಲಿ ಹೆಸರು ಹಿಡಿದು ವಿಚಾರಣೆ ಮಾಡಿದರು. ತಪ್ಪಿತಸ್ಥ ಇಂಥವನು ಎಂದರು, ಇಡೀ ಕುಲದಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ. ಪಶ್ಚಿಮ ಜರ್ಮನಿಗೆ ಅಮೆರಿಕೆಯ ಮಾರ್ಷಲ್ ಯೋಜನೆಯ ಹಣ ಬಂತು. ಯಾವ ರೂರಿನ ಕಲ್ಲಿದ್ದಲಿಗೆ 1923ರಲ್ಲಿ ಸೈನ್ಯ ಹೋಗಿತ್ತೋ ಆ ಕಲ್ಲಿದ್ದಲನ್ನೂ ಉಕ್ಕನ್ನೂ 1951ರ ಒಪ್ಪಂದದಿಂದ ಫ್ರಾನ್ಸು, ಜರ್ಮನಿ ಮತ್ತು ಇತರ ನಾಲ್ಕು ದೇಶಗಳ ಕೂಡು ಆಡಳಿತಕ್ಕೆ ಒಪ್ಪಿಸಿದರು.

ನಮ್ಮ ದೇಶವೂ ಇಂಥ ಒಂದು ಸಂಧಿ ಮಾಡಿಕೊಂಡಿದೆ, ಬಹುಮಂದಿಗೆ ತಿಳಿಯದು. ಜಪಾನಿನವರು 1942ರಲ್ಲಿ ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದ್ದರು, ಅಂಡಮಾನನ್ನು ಹಿಡಿದು ಅಲ್ಲಿಯ ಜನವನ್ನು ಹಿಂಸಿಸಿದ್ದರು, 1944ರಲ್ಲಿ ಇಂಫಾಲ ಕೊಹಿಮಾಗಳವರೆಗೆ ಬಂದಿದ್ದರು. ಕೇಳುವುದಕ್ಕೆ ಕಾರಣಗಳೇನೂ ಕಡಮೆಯಿರಲಿಲ್ಲ. 1951ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜಪಾನಿನ ಸಂಧಿಯಾದಾಗ ಭಾರತ ಅದಕ್ಕೆ ಹೋಗಲಿಲ್ಲ. 1952ರ ಜೂನ್ 9ರಂದು ಬೇರೆಯಾಗಿಯೇ ಸಂಧಿ ಮಾಡಿಕೊಂಡು, ಪರಿಹಾರದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿತು. ಯುದ್ಧಕಾಲದಲ್ಲಿ ಇಲ್ಲಿ ವಶಪಡಿಸಿಕೊಂಡಿದ್ದ ಜಪಾನೀಯರ ಆಸ್ತಿಯನ್ನೂ ಮರಳಿ ಕೊಡುವುದಾಗಿ ಬರೆಯಿತು. ಆಗ ನಮ್ಮದು ಹೊಟ್ಟೆತುಂಬ ಉಂಡ ದೇಶವಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು.

ವರ್ಸೇಲ್ಸಿನ ಸಾಲದ ಕಡೆಯ ಸಂಗತಿಯೊಂದಿದೆ. ಪರಿಹಾರ ಕಟ್ಟುವುದಕ್ಕೆಂದು ಜರ್ಮನಿ ಹೊರದೇಶದವರಿಂದ ಪತ್ರ ಬರೆದುಕೊಟ್ಟು ತಂದ ಸಾಲ ಹಾಗೆಯೇ ಉಳಿದಿತ್ತು. 1953ರಲ್ಲಿ ಲಂಡನ್ನಿನಲ್ಲಿ ಸಾಲಿಗರೆಲ್ಲ ಕುಳಿತು, ಈ ಸಲ ಜರ್ಮನರನ್ನೂ ಕೂರಿಸಿಕೊಂಡು, ಹಳೆಯ ಸಾಲ ಹೊಸ ಸಾಲ ಸೇರಿಸಿ ಸುಮಾರು ಅರ್ಧವನ್ನು ಬಿಟ್ಟರು. ಆ ಹಳೆಯ ಪತ್ರಗಳ ಬಾಕಿ ಬಡ್ಡಿಯಲ್ಲಿ ಒಂದಷ್ಟನ್ನು, ಎರಡಾದ ಜರ್ಮನಿ ಎಂದಾದರೂ ಒಂದಾದರೆ ಆಗ ಕೊಡಲಿ ಎಂದು ಬದಿಗಿಟ್ಟರು. 1990ರ ಅಕ್ಟೋಬರ್ 3ರಂದು ಒಂದಾಯಿತು. ಬರೆದ ಮಾತಿನಂತೆ ಕಂತು ಕಟ್ಟುತ್ತ ಬಂದು, ಕೊನೆಯ ಕಂತನ್ನು 2010ರ ಅಕ್ಟೋಬರ್ 3ರಂದು ತೀರಿಸಿದರು. ಯಾವ ಮೆರವಣಿಗೆಯೂ ಇಲ್ಲದೆ, ಯಾವ ಮಹಲಿಗೂ ಯಾರನ್ನೂ ಕರೆಸದೆ, ಬ್ಯಾಂಕಿನ ಮೂಲಕ.